ಆನೆಗೆ ಸರದಿಯಿಲ್ಲ, ನಮ್ಮ ಆಟಕ್ಕಾದರೂ ಇರಲಿ



ಕಳೆದ ಭಾನುವಾರ ಪೂಜೆ ಮುಗಿದ ಮೇಲೆ ಯುವಜನರ ಸಭೆಯಲ್ಲಿ ಕ್ರಿಸ್ಮಸ್ ರಜೆಯ ಸ್ಪರ್ಧೆಗಳ ಪಟ್ಟಿ ಓದಿದರು. ಹಗ್ಗಜಗ್ಗಾಟ, ಕ್ಯಾರಲ್ ಗಾಯನ, ಗೋದಲಿ ಸ್ಪರ್ಧೆ, ರಸಪ್ರಶ್ನೆ. ಕೊನೆಯಲ್ಲಿ ಹೋದ ವರ್ಷ ಹೊಸದಾಗಿ ಸೇರಿದ್ದ ಮೊಬೈಲ್ ಗೇಮ್ ಸ್ಪರ್ಧೆ. ಅದರಲ್ಲಿ ಇರುವುದು ಒಂದೇ ಬಗೆಯ ಆಟ: ನಾಲ್ವರ ತಂಡ, ಕೈಯಲ್ಲಿ ಬಂದೂಕು, ಎಲ್ಲರೂ ಒಮ್ಮೆಲೇ ಕಣಕ್ಕೆ ಇಳಿಯುವುದು, ಕೊನೆಗೆ ಉಳಿದವರು ಗೆದ್ದಂತೆ. "ಟರ್ನ್ ಬೇಸ್ಡ್ ಆಟ ಒಂದನ್ನೂ ಸೇರಿಸಬಹುದಲ್ಲ?" ಎಂದು ನಮ್ಮಲ್ಲೊಬ್ಬಳು ಕೇಳಿದಳು. ಹಿಂದಿನ ಸಾಲಿನಿಂದ ಉತ್ತರ ಬಂತು: "ಅದು ಅಜ್ಜಂದಿರ ಆಟ ಕಣೇ!" ಎಲ್ಲರೂ ನಕ್ಕರು. ನಿಜ ಹೇಳಬೇಕೆಂದರೆ ನಾವೂ ನಕ್ಕೆವು.

ಮನೆಗೆ ಬಂದ ಮೇಲೆ ಆ ನಗು ಸರಿಯಲ್ಲ ಅನ್ನಿಸಿತು. ಈ ಬರಹ ಆ ನಗುವಿನ ವಿರುದ್ಧ.

ಫೋನ್ ಆಟಗಳ ಪರಿಚಯವಿಲ್ಲದ ಅಪ್ಪ ಅಮ್ಮಂದಿರಿಗಾಗಿ ಎರಡು ಮಾತು. ವಿಡಿಯೊ ಗೇಮಿನಲ್ಲಿ ಕಾಳಗ ನಡೆಯುವುದು ಮುಖ್ಯವಾಗಿ ಎರಡು ರೀತಿಯಲ್ಲಿ. ಒಂದು ರಿಯಲ್ ಟೈಮ್: ಗಡಿಯಾರ ಓಡುತ್ತಲೇ ಇರುತ್ತದೆ, ಎದುರಾಳಿಯೂ ಓಡುತ್ತಲೇ ಇರುತ್ತಾನೆ, ಕಣ್ಣು ಮಿಟುಕಿಸಿದರೆ ಹೊಡೆತ ಬಿತ್ತು. ಇನ್ನೊಂದು ಟರ್ನ್ ಬೇಸ್ಡ್, ಅಂದರೆ ಸರದಿಯ ಆಟ: ನೀವು ಒಂದು ನಡೆ ನಡೆಸುತ್ತೀರಿ, ಆಮೇಲೆ ಅವನು. ನಿಮ್ಮ ಸರದಿ ಬಂದಾಗ ಆಟ ನಿಮಗಾಗಿ ಕಾಯುತ್ತದೆ. ಚೆಸ್ ಗೊತ್ತಿರುವವರಿಗೆ ಎರಡನೆಯದು ಗೊತ್ತಿದ್ದಂತೆಯೇ. ಈ ಎರಡರಲ್ಲಿ ಯಾವುದು ಮೇಲು ಎಂದು ಜಗತ್ತಿನ ಗೇಮರ್‌ಗಳು ಮೂವತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಜಗಳವಾಡುತ್ತಿದ್ದಾರೆ. ಆ ಜಗಳಕ್ಕೆ ನಮ್ಮ ಚೇಕಾಡಿಯಿಂದಲೂ ಒಂದು ಮಾತು ಸೇರಲಿ. ಏಕೆಂದರೆ ಇಲ್ಲಿ ಅದು ಬರೀ ರುಚಿಯ ಪ್ರಶ್ನೆಯಲ್ಲ.

ಹೋದ ವರ್ಷ ನಡೆದದ್ದನ್ನು ಹೇಳುತ್ತೇವೆ. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇವೆ.

ನಮ್ಮ ಗದ್ದೆಗಳ ಸುತ್ತ ಕಾಡು. ಗಂಧಕಸಾಲೆ ತೆನೆ ಕಟ್ಟಿದರೆ ಅದರ ವಾಸನೆ ನಮಗಿಂತ ಮೊದಲು ಆನೆಗೆ ತಿಳಿಯುತ್ತದೆ. ಹಾಗಾಗಿ ಕೊಯ್ಲು ಮುಗಿಯುವವರೆಗೆ ರಾತ್ರಿ ಕಾವಲು ತಪ್ಪಿದ್ದಲ್ಲ. ಏರುಮಾಡ ಹತ್ತಿ, ಟಾರ್ಚು, ತಗಡಿನ ಡಬ್ಬ, ಪಟಾಕಿ ಇಟ್ಟುಕೊಂಡು ಕೂರುತ್ತೇವೆ. ದೊಡ್ಡವರು ಮೊದಲ ಜಾವ, ಹುಡುಗರು ಎರಡನೆಯದು, ಬೆಳಗಿನ ಜಾವಕ್ಕೆ ಮತ್ತೆ ದೊಡ್ಡವರು. ಕ್ರಿಸ್ಮಸ್ ಸ್ಪರ್ಧೆಯ ತಯಾರಿಯೂ ಈ ಕಾವಲೂ ಒಂದೇ ತಿಂಗಳಲ್ಲಿ ಬೀಳುತ್ತವೆ.

ಆ ರಾತ್ರಿ ನಮ್ಮ ತಂಡದ ಒಬ್ಬ ಏರುಮಾಡದಲ್ಲಿದ್ದ, ಉಳಿದ ಮೂವರು ಮನೆಯಲ್ಲಿ. ನಾಲ್ವರೂ ಅಭ್ಯಾಸದ ಪಂದ್ಯ ಆಡುತ್ತಿದ್ದೆವು. ಅವನ ಕಿವಿಯಲ್ಲಿ ಇಯರ್‌ಫೋನ್. ಪಂದ್ಯ ಕೊನೆಯ ಸುತ್ತಿಗೆ ಬಂದಿತ್ತು. "ಏನೋ ಸದ್ದು ಕೇಳಿದ ಹಾಗಾಯ್ತು" ಎಂದು ಅವನು ಒಮ್ಮೆ ಅಂದ. ನಾವು ಮೂವರೂ ಒಟ್ಟಿಗೆ ಕೂಗಿದೆವು: "ಈಗ ಬಿಡಬೇಡ ಮಾರಾಯ, ಒಂದೇ ನಿಮಿಷ!" ಅವನು ಬಿಡಲಿಲ್ಲ. ಪಕ್ಕದ ಗದ್ದೆಯವರು ಡಬ್ಬ ಬಡಿಯುವ ಹೊತ್ತಿಗೆ ಆನೆಗಳು ಬೇಲಿ ದಾಟಿ ಒಳಗೆ ಬಂದಾಗಿತ್ತು. ಯಾರಿಗೂ ಏನೂ ಆಗಲಿಲ್ಲ, ಅದು ದೊಡ್ಡ ಪುಣ್ಯ. ಆದರೆ ಅವನ ಚಿಕ್ಕಪ್ಪನ ಗದ್ದೆಯಲ್ಲಿ ಅರ್ಧ ಬೆಳೆ ಉಳಿಯಲಿಲ್ಲ. ಬೆಳಿಗ್ಗೆ ಚಿಕ್ಕಪ್ಪ ಬೈಯಲೂ ಇಲ್ಲ. ತುಳಿದುಹೋದ ತೆನೆ ಎತ್ತಿ ನೋಡಿ, "ನಿದ್ದೆ ಬಂತೇನೋ?" ಎಂದಷ್ಟೇ ಕೇಳಿದರು. ಅವನು ಹೂಂ ಅಂದ. ನಿದ್ದೆ ಬಂದಿರಲಿಲ್ಲ ಎನ್ನುವುದು ನಮಗೆ ನಾಲ್ವರಿಗೂ ಗೊತ್ತಿತ್ತು.

ನೀವು ಹೇಳಬಹುದು: ತಪ್ಪು ಹುಡುಗನದು, ಆಟದ್ದಲ್ಲ. ಅರ್ಧ ಒಪ್ಪುತ್ತೇವೆ. ಕಾವಲಿಗೆ ಕೂತವನು ಫೋನ್ ಹಿಡಿದದ್ದೇ ತಪ್ಪು. ಆದರೆ ಫೋನ್ ಹಿಡಿಯದೆ ರಾತ್ರಿ ಎರಡನೇ ಜಾವ ಕಳೆಯುವ ಹುಡುಗ ಈಗ ಯಾರಿದ್ದಾನೆ? ಅವನು ಆ ಹೊತ್ತಿಗೆ ಚೆಸ್ ಆಡುತ್ತಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿ. ಸದ್ದು ಕೇಳಿತು, ಫೋನ್ ಕೆಳಗಿಟ್ಟ, ಟಾರ್ಚು ಹಾಕಿದ. ಹತ್ತು ನಿಮಿಷ ಬಿಟ್ಟು ಬಂದು ನೋಡಿದರೂ ಕುದುರೆ ತನ್ನ ಮನೆಯಲ್ಲೇ ನಿಂತಿರುತ್ತಿತ್ತು. ರಿಯಲ್ ಟೈಮ್ ಕಾಳಗದಲ್ಲಿ ಹಾಗೆ ಏಳಲು ಆಗುವುದಿಲ್ಲ. ಎದ್ದರೆ ತಾನು ಸಾಯುತ್ತಾನೆ, ಜೊತೆಗೆ ಮೂವರು ಗೆಳೆಯರನ್ನು ಸೋಲಿಸುತ್ತಾನೆ. ಅವನನ್ನು ಅಲ್ಲಿ ಕಟ್ಟಿಹಾಕಿದ್ದು ಬಂದೂಕಿನ ಹುಚ್ಚಲ್ಲ, ನಮ್ಮ ಮೇಲಿನ ಸ್ನೇಹ. ಗೆಳೆಯರನ್ನು ಕೈಬಿಡಬಾರದು ಎನ್ನುವ ಒಳ್ಳೆಯ ಗುಣವನ್ನೇ ಆ ಆಟ ಹಗ್ಗ ಮಾಡಿಕೊಂಡಿತ್ತು. ನಮ್ಮ ಮೊದಲ ಆಕ್ಷೇಪ ಇದೇ. ಮಧ್ಯದಲ್ಲಿ ಎದ್ದು ಹೋಗಲು ಬಿಡದ ಆಟ, ಎದ್ದು ಹೋಗಲೇಬೇಕಾದ ಕೆಲಸಗಳಿರುವ ಊರಿಗೆ ಹೊಂದುವುದಿಲ್ಲ. ಅಮ್ಮ ಕರೆಯುತ್ತಾಳೆ, ಹಸು ಕೂಗುತ್ತದೆ, ಅಜ್ಜಿಗೆ ಮಾತ್ರೆ ಕೊಡಬೇಕು. ಆನೆ ಬರುತ್ತದೆ.

ಎರಡನೆಯ ಆಕ್ಷೇಪ ನ್ಯಾಯದ್ದು. ರಿಯಲ್ ಟೈಮ್ ಆಟದಲ್ಲಿ ಗೆಲ್ಲುವುದು ಕೌಶಲ ಎನ್ನುತ್ತಾರೆ. ಲೆಕ್ಕ ಹಾಕಿ ನೋಡೋಣ. ಕಣ್ಣಿಗೆ ಕಂಡದ್ದಕ್ಕೆ ಬೆರಳು ಸ್ಪಂದಿಸಲು ಮನುಷ್ಯನಿಗೆ ಸಾಮಾನ್ಯವಾಗಿ 200ರಿಂದ 250 ಮಿಲಿಸೆಕೆಂಡ್ ಬೇಕು. ಒಂದು ಸೆಕೆಂಡಿನ ನಾಲ್ಕನೇ ಒಂದು ಪಾಲು ಅಂದುಕೊಳ್ಳಿ. ಈಗ ನೆಟ್‌ವರ್ಕ್. ನಿಮ್ಮ ಫೋನಿನಿಂದ ಸರ್ವರಿಗೆ ಸಂದೇಶ ಹೋಗಿ ಬರುವ ಸಮಯಕ್ಕೆ ಪಿಂಗ್ ಎನ್ನುತ್ತಾರೆ. ಪಟ್ಟಣದ ಒಳ್ಳೆಯ ವೈಫೈನಲ್ಲಿ ಅದು 30 ಅಥವಾ 40 ಇದ್ದರೆ, ನಮ್ಮಲ್ಲಿ ಮಳೆ ಬಂದ ದಿನ, ಕರೆಂಟು ಹೋದ ದಿನ 200 ದಾಟುವುದು ಮಾಮೂಲಿ. ಅಂದರೆ ನಾವು ನೋಡುತ್ತಿರುವುದು ಎದುರಾಳಿ ಈಗ ಇರುವ ಜಾಗವನ್ನಲ್ಲ, ಆಗಲೇ ಬಿಟ್ಟುಹೋದ ಜಾಗವನ್ನು. ಇನ್ನು ಫೋನ್. ಒಳ್ಳೆಯ ಫೋನ್ ಸೆಕೆಂಡಿಗೆ 60 ಅಥವಾ 90 ಚಿತ್ರ ತೋರಿಸುತ್ತದೆ, ಅಮ್ಮನ ಹಳೆಯ ಫೋನ್ ಬಿಸಿಯಾಗಿ 30 ತೋರಿಸಲೂ ಒದ್ದಾಡುತ್ತದೆ. ಇಷ್ಟೆಲ್ಲ ವ್ಯತ್ಯಾಸ ಇಟ್ಟುಕೊಂಡು "ಯಾರು ಚುರುಕು ನೋಡೋಣ" ಎಂದರೆ, ಒಬ್ಬನಿಗೆ ಬೂಟು ಕೊಟ್ಟು ಇನ್ನೊಬ್ಬನನ್ನು ಕೆಸರು ಗದ್ದೆಯಲ್ಲಿ ಓಡಿಸಿದ ಹಾಗೆ.

ಹೋದ ವರ್ಷ ಯಾರು ಆಡಿದರು, ಯಾರು ಆಡಲಿಲ್ಲ ಎಂದು ನೆನಪಿಸಿಕೊಳ್ಳಿ. ಸ್ಪರ್ಧೆ ಊರಿನ ಎಲ್ಲ ಮಕ್ಕಳಿಗೂ ತೆರೆದಿದೆ ಎಂದು ನಾವೇ ಚೀಟಿ ಅಂಟಿಸಿದ್ದೆವು. ಹಾಡಿಯಿಂದ ಬಂದ ಇಬ್ಬರು ಹುಡುಗರ ಫೋನಿನಲ್ಲಿ ಆ ಆಟ ಇನ್‌ಸ್ಟಾಲ್ ಆಗಲೇ ಇಲ್ಲ. ಜಾಗ ಸಾಲಲಿಲ್ಲ. ಅವರು ಸ್ವಲ್ಪ ಹೊತ್ತು ನಮ್ಮ ಹೆಗಲ ಮೇಲಿಂದ ಇಣುಕಿ ನೋಡಿ ಮನೆಗೆ ಹೋದರು. ಹುಡುಗಿಯರು ಒಬ್ಬರೂ ಹೆಸರು ಕೊಡಲಿಲ್ಲ. ಅವರಿಗೆ ಆಸಕ್ತಿ ಇಲ್ಲವೆಂದು ನಾವು ತಿಳಿದೆವು. ಆಮೇಲೆ ಕೇಳಿದರೆ ಗೊತ್ತಾಯಿತು: ಅಭ್ಯಾಸ ನಡೆಯುತ್ತಿದ್ದದ್ದು ಸಿಗ್ನಲ್ ಸಿಗುವ ದಿಬ್ಬದ ಮೇಲೆ, ಕತ್ತಲಾದ ಮೇಲೆ. ಅಲ್ಲಿಗೆ ಅವರನ್ನು ಯಾರು ಕಳಿಸುತ್ತಾರೆ?

ಸರದಿಯ ಆಟಕ್ಕೆ ಇದ್ಯಾವುದೂ ಅಡ್ಡಿಯಲ್ಲ. ಒಂದು ಚೆಸ್ ನಡೆಯನ್ನು ನಾಲ್ಕು ಅಕ್ಷರದಲ್ಲಿ ಬರೆಯಬಹುದು. ಇಂಟರ್ನೆಟ್ ಹುಟ್ಟುವ ಎಷ್ಟೋ ಕಾಲ ಮೊದಲೇ ಜನ ಅಂಚೆ ಕಾರ್ಡಿನಲ್ಲಿ ಒಂದೊಂದೇ ನಡೆ ಬರೆದು ದೇಶ ದೇಶಗಳ ನಡುವೆ ಚೆಸ್ ಆಡುತ್ತಿದ್ದರು. ಅದಕ್ಕೆಂದೇ ಒಂದು ಅಂತರರಾಷ್ಟ್ರೀಯ ಒಕ್ಕೂಟ 1951ರಿಂದ ಇದೆ. ಅಂಚೆಯಣ್ಣನ ವೇಗದಲ್ಲಿ ಆಡಿದರೂ ಕೆಡದ ಆಟ, ನಮ್ಮ ಟವರಿನ ವೇಗದಲ್ಲಿ ಕೆಡುತ್ತದೆಯೇ?

ಇನ್ನು "ಅಜ್ಜಂದಿರ ಆಟ" ಎಂಬ ಮಾತು. ಹೌದು, ಅಜ್ಜಂದಿರು ಆಡಿದ್ದಾರೆ. ಹುಲಿ-ಕುರಿ ಆಟವನ್ನೇ ತೆಗೆದುಕೊಳ್ಳಿ. ಬಂಡೆಯ ಮೇಲೆ ಇದ್ದಿಲಿನಿಂದ ಗೆರೆ ಎಳೆದರೆ ಕಣ ಸಿದ್ಧ. ಒಂದು ಕಡೆ ಮೂರು ಹುಲಿ, ಇನ್ನೊಂದು ಕಡೆ ಹದಿನೈದು ಕುರಿ. ಹುಲಿ ಕುರಿಯ ಮೇಲೆ ಹಾರಿ ತಿನ್ನಬಹುದು. ಕುರಿಗೆ ಹಾರಲೂ ಬಾರದು, ತಿನ್ನಲೂ ಬಾರದು. ಅದು ಮಾಡಬಹುದಾದದ್ದು ಒಂದೇ: ಬೆನ್ನ ಹಿಂದೆ ಇನ್ನೊಂದು ಕುರಿಯನ್ನು ನಿಲ್ಲಿಸಿಕೊಂಡು ಹುಲಿಯ ದಾರಿ ಮುಚ್ಚುವುದು. ಒಂಟಿಯಾಗಿ ನಿಂತ ಕುರಿ ಸತ್ತಿತು, ಒಂದಕ್ಕೊಂದು ಆತುಕೊಂಡು ನಿಂತವು ಉಳಿದವು. ಹುಲಿಗಳಿಗೆ ಅಲುಗಾಡಲು ಜಾಗವಿಲ್ಲದಂತೆ ಮಾಡಿದರೆ ಗೆಲುವು ಕುರಿಗಳದು. ಇದೂ ಕಾಳಗವೇ ಅಲ್ಲವೇ? ಬಲವಿಲ್ಲದವರು ಬಲಶಾಲಿಯನ್ನು ಗೆಲ್ಲುವ ಕಾಳಗ. ಇದೇ ಕಣದಲ್ಲಿ ಎರಡೂ ಕಡೆಯವರು ಒಮ್ಮೆಲೇ ಕಾಯಿ ಸರಿಸಬಹುದು ಎಂದು ನಿಯಮ ಮಾಡಿ ನೋಡಿ. ಯಾರ ಕೈ ಜೋರೋ ಅವರದೇ ಆಟ. ಕುರಿಗೆ ಗೆಲ್ಲುವ ಅವಕಾಶ ಕೊಡುವುದೇ ಸರದಿ.

ಬಾವಲಿ ದಾಟಿ ಕಾಡಿನ ದಾರಿಯಲ್ಲಿ ಹೋದರೆ ಸಿಗುವ ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಇದ್ದರು. 1831ರಲ್ಲಿ ಬ್ರಿಟಿಷರು ಅವರ ಕೈಯಿಂದ ಆಡಳಿತ ಕಿತ್ತುಕೊಂಡರು. ಆ ಅರಸರು ಹಲವಾರು ಹಾಸಿನ ಆಟಗಳನ್ನು ರೂಪಿಸಿದರು. ಚದುರಂಗದ ಕುದುರೆ 64 ಮನೆಗಳನ್ನೂ ಒಂದೊಂದೇ ಸಲ ಮುಟ್ಟಿ ಬರುವ ಕಠಿಣ ಸಮಸ್ಯೆಯನ್ನು ಬಿಡಿಸಿದರು. ಅದೇ ಮೈಸೂರಿನ ರೈಲ್ವೆ ಉದ್ಯೋಗಿ ಎಂ.ಎಸ್. ತೇಜ್‌ಕುಮಾರ್ 2017ರಲ್ಲಿ ಕರ್ನಾಟಕದ ಮೊದಲ ಚೆಸ್ ಗ್ರ್ಯಾಂಡ್‌ಮಾಸ್ಟರ್ ಆದರು. ಇನ್ನು 2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ನಮ್ಮ ಗುಕೇಶ್ ವಿಶ್ವ ಚಾಂಪಿಯನ್ ಆದಾಗ ಅವನಿಗೆ ವಯಸ್ಸು ಹದಿನೆಂಟು. ಹದಿಮೂರು ಪಂದ್ಯ ಮುಗಿದಾಗ ಇಬ್ಬರದೂ ಸಮಸಮ ಅಂಕ. ಹದಿನಾಲ್ಕನೆಯ ಪಂದ್ಯದಲ್ಲಿ ಗಂಟೆಗಟ್ಟಲೆ ಕೂತು, 55ನೇ ನಡೆಯಲ್ಲಿ ಡಿಂಗ್ ಲಿರೆನ್ ಮಾಡಿದ ಒಂದು ತಪ್ಪನ್ನು ಹಿಡಿದು ಗೆದ್ದ. ಅಜ್ಜನ ಆಟವಂತೆ!

ವಿಡಿಯೊ ಗೇಮಿನ ಲೋಕದಲ್ಲೂ ಸರದಿ ಸತ್ತಿಲ್ಲ. 1998ರಲ್ಲಿ ಬಂದ ಬಾಲ್ಡರ್ಸ್ ಗೇಟ್ ಆಟದಲ್ಲಿ ಕಾಳಗ ರಿಯಲ್ ಟೈಮ್ ಆಗಿತ್ತು, ಬೇಕಾದಾಗ ನಿಲ್ಲಿಸಿ ಯೋಚಿಸುವ ಸೌಕರ್ಯವಿತ್ತು. ಅದರ ಮೂರನೆಯ ಭಾಗವನ್ನು 2023ರಲ್ಲಿ ತಂದಾಗ ತಯಾರಕರು ರಿಯಲ್ ಟೈಮ್ ಬಿಟ್ಟು ಪೂರ್ತಿ ಸರದಿಗೆ ಬಂದರು. ಆ ವರ್ಷದ ದಿ ಗೇಮ್ ಅವಾರ್ಡ್ಸ್‌ನಲ್ಲಿ ವರ್ಷದ ಆಟ ಎಂಬ ಪ್ರಶಸ್ತಿ ಅದಕ್ಕೇ ಬಂತು. ಪೋಕೆಮಾನ್ 1996ರಲ್ಲಿ ಶುರುವಾದದ್ದೂ ಸರದಿಯ ಕಾಳಗದಿಂದಲೇ. ನಮ್ಮಲ್ಲಿ ಅದರ ಕಾರ್ಟೂನು ನೋಡದೆ ಬೆಳೆದವರು ಎಷ್ಟು ಮಂದಿ ಇದ್ದೀರಿ?

ಇನ್ನೊಂದು ಕಡೆಯವರ ಮಾತನ್ನೂ ಕೇಳಬೇಕು, ಇಲ್ಲದಿದ್ದರೆ ನಮ್ಮದು ಬರೀ ಹಟವಾಗುತ್ತದೆ.

ರಿಯಲ್ ಟೈಮ್ ಆಟದಲ್ಲಿ ಸುಖವಿದೆ, ಅದನ್ನು ಅಲ್ಲಗಳೆಯುವುದಿಲ್ಲ. ತೊಂಬತ್ತರ ದಶಕದಲ್ಲಿ ಡಯಾಬ್ಲೊ ಎಂಬ ಪ್ರಸಿದ್ಧ ಆಟವನ್ನು ಮೊದಲು ಸರದಿಯ ಆಟವಾಗಿಯೇ ಕಟ್ಟುತ್ತಿದ್ದರು. ಅದನ್ನು ರಿಯಲ್ ಟೈಮ್‌ಗೆ ತಿರುಗಿಸಿ ನೋಡಿದಾಗ ಮಾಡಿದವರಿಗೇ ಅದು ಹೆಚ್ಚು ಹಿಡಿಸಿತು. ನಮಗೂ ಮೈ ಝುಂ ಎನ್ನುವ ಆ ಕ್ಷಣ ಇಷ್ಟ. ಕಬಡ್ಡಿ, ಫುಟ್ಬಾಲ್, ಹಗ್ಗಜಗ್ಗಾಟ ಯಾವುದಕ್ಕೆ ಸರದಿ ಕಾಯುತ್ತಾ ಕೂರುತ್ತೇವೆ? ಆದರೆ ಕಬಡ್ಡಿಯಲ್ಲಿ ಇಬ್ಬರ ಕಾಲೂ ಒಂದೇ ನೆಲದ ಮೇಲಿರುತ್ತದೆ. ಯಾರ ಕಾಲಿಗೂ ಪಿಂಗ್ ಇಲ್ಲ.

"ರಿಯಲ್ ಟೈಮ್ ಆಟ ತಂಡವಾಗಿ ಕೆಲಸ ಮಾಡಲು ಕಲಿಸುತ್ತದೆ" ಎನ್ನುತ್ತಾರೆ. ಸ್ವಲ್ಪ ಕಲಿಸುತ್ತದೆ, ನಿಜ. ಆದರೆ ಆ ಗದ್ದಲದಲ್ಲಿ ನಾವು ಒಬ್ಬರಿಗೊಬ್ಬರು ಹೇಳುವುದೇನು? "ಎಡಕ್ಕೆ! ಹೊಡಿ! ಓಡು! ಥೂ, ಸತ್ತೆಯಾ!" ಇಷ್ಟೇ. ಇಬ್ಬಿಬ್ಬರು ಜೋಡಿಯಾಗಿ ಚೆಸ್ ಆಡಲು ಕೂತಾಗ ಕೇಳಿ ನೋಡಿ: "ಅದು ಬೇಡ, ಯಾಕೆ ಗೊತ್ತಾ? ಅವನು ಹೀಗೆ ಬಂದರೆ ನಾವೇನು ಮಾಡುವುದು?" ಅಲ್ಲಿ ಒಬ್ಬರು ಇನ್ನೊಬ್ಬರನ್ನು ಒಪ್ಪಿಸಬೇಕಾಗುತ್ತದೆ. ಮಾತು ಕಡಿಮೆ ಆಡುವವನಿಗೂ ಬಾಯಿ ತೆರೆಯಲು ಸಮಯ ಸಿಗುತ್ತದೆ.

"ನಿಜವಾದ ಬದುಕಿನಲ್ಲಿ ಸರದಿ ಇರುತ್ತದೆಯೇ? ಆನೆ ಸರದಿ ಕೇಳಿ ಬರುತ್ತದೆಯೇ?" ಎಂದು ಅದೇ ಸಭೆಯಲ್ಲಿ ಒಬ್ಬ ಕೇಳಿದ. ಒಳ್ಳೆಯ ಪ್ರಶ್ನೆ. ಆನೆ ಕೇಳುವುದಿಲ್ಲ. ಆದರೆ ಆನೆಯನ್ನು ನಮ್ಮ ಹಿರಿಯರು ಎದುರಿಸಿದ್ದು ಚುರುಕು ಬೆರಳಿನಿಂದಲ್ಲ. ಹಗಲು ಹೊತ್ತಿನಲ್ಲಿ ಕೂತು ಮಾತಾಡಿ, ಇವತ್ತು ಯಾರ ಕಾವಲು, ನಾಳೆ ಯಾರದು, ಬೇಲಿಯ ಯಾವ ಭಾಗ ಯಾರು ನೋಡುವುದು ಎಂದು ಸರದಿ ಹಾಕಿಕೊಂಡು ಎದುರಿಸಿದರು. ಆ ಸರದಿ ಇರುವುದರಿಂದಲೇ ಆನೆ ಬಂದ ಕ್ಷಣದಲ್ಲಿ ಎಚ್ಚರವಿರುವ ಒಬ್ಬರು ಅಟ್ಟದ ಮೇಲಿರುತ್ತಾರೆ. ಹೋದ ವರ್ಷ ಆ ಒಬ್ಬರನ್ನು ಕಿತ್ತುಕೊಂಡದ್ದು ನಮ್ಮ ಪಂದ್ಯ.

ಸರದಿಯ ಆಟಗಳಲ್ಲಿ ದೋಷವಿಲ್ಲ ಎಂದೂ ನಾವು ಹೇಳುವುದಿಲ್ಲ. ಕಾಯುವುದನ್ನೇ ವ್ಯಾಪಾರ ಮಾಡಿಕೊಂಡ ಆಟಗಳಿವೆ: "ಇನ್ನೂ ಎರಡು ಗಂಟೆ ಕಾಯಿರಿ, ಅಥವಾ ಹಣ ಕೊಡಿ." ಹಣ ಕಟ್ಟಿ ಆಡಿಸುವ ಲೂಡೊ ಎಷ್ಟು ಮನೆ ಹಾಳು ಮಾಡಿತು ಎಂದು ನಿಮಗೆ ಗೊತ್ತು, ಅದೂ ಸರದಿಯ ಆಟವೇ. 1991ರಿಂದ ಬರುತ್ತಿರುವ ಸಿವಿಲೈಸೇಶನ್ ಆಟಗಳನ್ನು ಆಡಲು ಕೂತವರು "ಇನ್ನೊಂದೇ ಸರದಿ, ಇನ್ನೊಂದೇ ಸರದಿ" ಎನ್ನುತ್ತಾ ಬೆಳಗು ಮಾಡಿದ್ದಾರೆ. ನಮ್ಮಲ್ಲೂ ಒಬ್ಬನಿದ್ದಾನೆ, ಪರೀಕ್ಷೆಯ ಹಿಂದಿನ ರಾತ್ರಿ. ವ್ಯತ್ಯಾಸ ಇಷ್ಟೇ: ಸರದಿಯ ಆಟದಲ್ಲಿ ಏಳಲು ಬಾಗಿಲು ತೆರೆದಿರುತ್ತದೆ. ಎದ್ದು ಹೋಗದಿದ್ದರೆ ತಪ್ಪು ನಮ್ಮದು. ರಿಯಲ್ ಟೈಮ್ ಆಟದಲ್ಲಿ ಪಂದ್ಯ ಮುಗಿಯುವವರೆಗೆ ಬಾಗಿಲಿಗೆ ಹೊರಗಿನಿಂದ ಚಿಲಕ.

ಕೆಲವು ಹಿರಿಯರು "ಎರಡೂ ಬೇಡ, ಫೋನೇ ಬೇಡ" ಎನ್ನುತ್ತಾರೆ. ಅವರ ಕಾಳಜಿ ಅರ್ಥವಾಗುತ್ತದೆ. ಆದರೆ ಬೇಡ ಎಂದ ಮಾತ್ರಕ್ಕೆ ಹುಡುಗರು ಬಿಡುವುದಿಲ್ಲ, ದಿಬ್ಬದ ಮೇಲೆ ಹೋಗಿ ಆಡುತ್ತಾರೆ. ಬದಲಿಗೆ ನೀವೂ ಬಂದು ಒಂದು ಹಾಸು ಹುಲಿ-ಕುರಿ ಆಡಿ. ನಮ್ಮನ್ನು ಸೋಲಿಸುವುದು ನಿಮಗೆ ಕಷ್ಟವಾಗಲಾರದು. ರಿಯಲ್ ಟೈಮ್ ಆಟದಲ್ಲಿ ಆ ಅವಕಾಶ ನಿಮಗೂ ಇಲ್ಲ, ನಮಗೂ ಇಲ್ಲ.

ಬರೀ ದೂರಿದರೆ ಸಾಲದು. ಈ ಕ್ರಿಸ್ಮಸ್‌ಗೆ ನಾವು ಕೇಳುವುದು ಮೂರು.

ಮೊದಲನೆಯದು, ಗೇಮ್ ಸ್ಪರ್ಧೆಯ ಅರ್ಧ ಸಮಯ ಸರದಿಯ ಆಟಗಳಿಗೆ ಇರಲಿ. ಚೆಸ್, ಹುಲಿ-ಕುರಿ ಮತ್ತು ಒಂದು ಕಂಪ್ಯೂಟರ್ ಆಟ. ಖರ್ಚಿನ ಭಯ ಬೇಡ. ಲಿಚೆಸ್ ಎಂಬ ಚೆಸ್ ಆ್ಯಪ್ ಪೂರ್ತಿ ಉಚಿತ, ಜಾಹೀರಾತೂ ಇಲ್ಲ. ಇಬ್ಬರು ಒಂದೇ ಫೋನಿನಲ್ಲಿ ಎದುರುಬದುರು ಕೂತು ಆಡಬಹುದು. ಬ್ಯಾಟಲ್ ಫಾರ್ ವೆಸ್ನೋತ್ ಎಂಬ ಯುದ್ಧದ ಆಟವೂ ಉಚಿತ, ಸಭಾಂಗಣದ ಹಳೆಯ ಕಂಪ್ಯೂಟರಿನಲ್ಲೇ ಒಬ್ಬರಾದ ಮೇಲೆ ಒಬ್ಬರು ಕುರ್ಚಿ ಬಿಟ್ಟುಕೊಟ್ಟು ಆಡಬಹುದು. ತಂಡ ಇಬ್ಬರದು. ಒಬ್ಬರು ಹದಿನೈದರ ಒಳಗಿನವರು, ಇನ್ನೊಬ್ಬರು ಯಾವ ವಯಸ್ಸಿನವರಾದರೂ ಸರಿ, ಅಜ್ಜಿಯಾದರೂ ಸರಿ.

ಎರಡನೆಯದು, ರಿಯಲ್ ಟೈಮ್ ಸ್ಪರ್ಧೆಯೂ ಇರಲಿ, ತೆಗೆಯುವುದು ಬೇಡ. ಆದರೆ ಹಗಲಿನಲ್ಲಿ, ಸಭಾಂಗಣದಲ್ಲಿ, ಎಲ್ಲರೂ ಒಂದೇ ವೈಫೈನಲ್ಲಿ. ನಾಲ್ಕು ಒಳ್ಳೆಯ ಫೋನುಗಳನ್ನು ಇಟ್ಟು ತಂಡಗಳು ಅವುಗಳನ್ನೇ ಹಂಚಿಕೊಂಡು ಆಡಲಿ. ನಮ್ಮಲ್ಲಿ ಒಳ್ಳೆಯ ಫೋನ್ ಇರುವ ನಾಲ್ವರು ಕೊಡಲು ಒಪ್ಪಿದ್ದೇವೆ. ಯಾರು ನಿಜಕ್ಕೂ ಚುರುಕು ಎಂದು ಆಗ ನೋಡೋಣ. ಹಾಡಿಯ ಆ ಇಬ್ಬರು ಹುಡುಗರ ಬೆರಳು ನಮಗಿಂತ ಚುರುಕಿದ್ದರೆ ನಮಗೆ ಆಶ್ಚರ್ಯವಾಗುವುದಿಲ್ಲ.

ಮೂರನೆಯದು ನಮಗೆ ನಾವೇ ಹಾಕಿಕೊಳ್ಳುವ ನಿಯಮ. ಕಾವಲಿಗೆ ಕೂತವರನ್ನು ಯಾರೂ ರಿಯಲ್ ಟೈಮ್ ಪಂದ್ಯಕ್ಕೆ ಕರೆಯಬಾರದು. ಅವರಾಗಿ ಬಂದರೂ ಸೇರಿಸಿಕೊಳ್ಳಬಾರದು. ಕಿವಿಗೆ ಇಯರ್‌ಫೋನ್ ಬೇಡ. ಎಚ್ಚರವಿರಲು ಏನಾದರೂ ಬೇಕೇ ಬೇಕೆಂದರೆ ದಿನಕ್ಕೊಂದೆರಡು ನಡೆಯ ಚೆಸ್ ಇದೆ. ಒಂದು ನಡೆ ಕಳಿಸಿ ಫೋನ್ ಕಿಸೆಯಲ್ಲಿಟ್ಟು ಕಾಡಿನ ಕಡೆ ಕಿವಿಗೊಡಿ. ಉತ್ತರ ನಾಳೆ ಬಂದರೂ ಆಟ ಎಲ್ಲಿಗೂ ಹೋಗುವುದಿಲ್ಲ.

ಈ ಬರಹ ಕಳಿಸುವ ಮೊದಲು ನಾವು ನಾಲ್ವರೂ ಆ ಚಿಕ್ಕಪ್ಪನ ಮನೆಗೆ ಹೋಗಿ ಅವತ್ತು ನಡೆದದ್ದನ್ನೆಲ್ಲ ಹೇಳಿಬಂದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಈ ವರ್ಷ ಎರಡನೇ ಜಾವ ನಾಲ್ವರೂ ಬನ್ನಿ" ಅಂದರು. ಹೋಗುತ್ತೇವೆ. ಹುಲಿ-ಕುರಿಯ ಹಾಸನ್ನು ಒಂದು ಹಲಗೆಯ ಮೇಲೆ ಬರೆದಿಟ್ಟುಕೊಂಡಿದ್ದೇವೆ.

ಮುಂದಿನ ಭಾನುವಾರ ಪೂಜೆಯ ನಂತರ ಇದೇ ವಿಷಯಕ್ಕೆ ಸಭೆ ಇದೆ. ಒಪ್ಪದವರು ತಪ್ಪದೇ ಬನ್ನಿ. ಒಬ್ಬರು ಮಾತಾಡಿ ಮುಗಿಸಿದ ಮೇಲೆ ಇನ್ನೊಬ್ಬರು ಮಾತಾಡೋಣ.

ನಿಮ್ಮ,
ಚೇಕಾಡಿಯ ಯುವಜನರು